ಬಾಂಬೆ ಗುಂಪಿನವರಿಗೆ ಓ ರಕ್ತವೂ ಯಾಕೆ ಆಗಿಬರಲ್ಲ?

ಪ್ರಶ್ನೆ: ಓ ನೆಗೆಟಿವ್ ರಕ್ತ ಎಲ್ಲರಿಗೂ ಆಗುತ್ತದೆ ಅಂತಾರೆ. ಹಾಗಾದರೆ ಬಾಂಬೆ ಗುಂಪು ಎಂಬ ಅಪರೂಪದ ರಕ್ತದ ಗುಂಪಿನವರಿಗೆ ಯಾಕೆ ಆಗಲ್ಲ?

ಉತ್ತರ: ಓ ರಕ್ತದಲ್ಲಿ ಹೇರಳವಾಗಿರುವ ‘ಎಚ್’ ಎಂಬ ಗುರುತು ಬಾಂಬೆ ಗುಂಪಿನವರ ರಕ್ತಕಣಗಳಲ್ಲಿ ಇರುವುದೇ ಇಲ್ಲ. ಅವರ ದೇಹ ಅದನ್ನು ಹೊರಗಿನ ಶತ್ರು ಎಂದುಕೊಂಡು ಆ ಕಣಗಳನ್ನು ಒಡೆದುಹಾಕುತ್ತದೆ.

ಎಚ್ ಅನ್ನೋದು ಕೆಂಪು ರಕ್ತಕಣದ ಮೇಲಿರುವ ಸಕ್ಕರೆಯ ಸಣ್ಣ ಸರಪಳಿ. ಅದರ ತುದಿಗೆ ಒಂದು ಬಗೆಯ ಸಕ್ಕರೆ ಅಂಟಿದರೆ ಎ ಗುಂಪು, ಇನ್ನೊಂದು ಬಗೆಯದು ಅಂಟಿದರೆ ಬಿ. ಎರಡೂ ಇದ್ದರೆ ಎಬಿ. ಏನೂ ಅಂಟದೆ ಬರೀ ಎಚ್ ಉಳಿದರೆ ಅದೇ ಓ. ಅಂದರೆ ಓ ಪೂರ್ತಿ ಖಾಲಿ ಅಲ್ಲ. ನಾವು ಸುಮ್ನೆ ಹಾಗಂದುಕೊಂಡಿದ್ದೇವೆ, ಅಷ್ಟೆ! ಬಾಂಬೆ ಗುಂಪಿನಲ್ಲಿ ಈ ಬುಡವೇ ಇಲ್ಲ. ಬುಡವಿಲ್ಲದ ಮೇಲೆ ಎ, ಬಿ ಅಂಟುವುದಾದರೂ ಎಲ್ಲಿಗೆ?

ಇಲ್ಲೇ ಅಪಾಯ ಇರುವುದು. ಮಾಮೂಲಿ ಪರೀಕ್ಷೆ ಹುಡುಕುವುದು ಎ ಮತ್ತು ಬಿ ಗುರುತನ್ನು. ಎರಡೂ ಕಾಣದಿದ್ದರೆ ‘ಓ’ ಎಂದು ಬರೆದುಬಿಡುವ ಸಾಧ್ಯತೆ ಇದೆ. ರಕ್ತ ಕೊಡುವ ಮುಂಚೆ ಇಬ್ಬರ ರಕ್ತವನ್ನೂ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್‌ನಲ್ಲಿ ಗುಟ್ಟು ರಟ್ಟಾಗುತ್ತದೆ. ಅದಕ್ಕೇ ಆ ಹೆಜ್ಜೆಯನ್ನು ಬಿಡಬಾರದು.

1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಇದನ್ನು ಮೊದಲು ಗುರುತಿಸಿದ್ದು ಬಾಂಬೆಯಲ್ಲಿ, ಹೆಸರು ಬಂದದ್ದೂ ಹಾಗೆಯೇ. ತಂದೆ, ತಾಯಿ ಇಬ್ಬರಿಂದಲೂ ಎಚ್ ತಯಾರಾಗದಂಥ ದೋಷವಿರುವ ಜೀನ್ ಬಂದರೆ ಮಾತ್ರ ಮಗು ಈ ಗುಂಪಿನದಾಗುತ್ತದೆ. ನಮ್ಮಲ್ಲಿರುವಂತೆ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗುವ ಕಡೆ ಈ ಸಾಧ್ಯತೆ ಜಾಸ್ತಿ. ಇಂಥವರಿಗೆ ರಕ್ತ ಬೇಕಾದರೆ ಬಾಂಬೆ ಗುಂಪಿನವರೇ ಕೊಡಬೇಕು. ಮೊದಲು ಒಡಹುಟ್ಟಿದವರನ್ನು ಪರೀಕ್ಷಿಸುವುದು ಒಳ್ಳೆಯದು.