ಚೀನಾದ ಕುಲುಮೆ, ಸಂಡೂರಿನ ದೂಳು

"ಜಾಗತೀಕರಣ ಬೆಂಗಳೂರಿನ ಸಾಫ್ಟ್‌ವೇರಿನವರ ಮಾತು, ಬಳ್ಳಾರಿಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳಿದ್ದೀರಿ. ಸ್ವಾಮಿ, 2006ರ ಸುಮಾರಿಗೆ ನೀವು ಸಂಡೂರಿನ ಕಡೆ ಬಂದಿದ್ದರೆ ಹೀಗೆ ಕೇಳುತ್ತಿರಲಿಲ್ಲ. ಬೆಳಿಗ್ಗೆ ಅಂಗಳದಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕಾವಿಯಾಗಿರುತ್ತಿತ್ತು. ರಸ್ತೆಯಲ್ಲಿ ಅಷ್ಟು ಕಬ್ಬಿಣದ ಅದಿರಿನ ಲಾರಿಗಳು.

ಚೀನಾ 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಕಾರ್ಖಾನೆ, ಸೇತುವೆ, 2008ರ ಬೀಜಿಂಗ್ ಒಲಿಂಪಿಕ್ಸ್ ಎಂದು ಅಲ್ಲಿ ಉಕ್ಕಿನ ಹಸಿವು ಏರಿದಂತೆ, ಇಲ್ಲಿ ಕೇಳುವವರಿಲ್ಲದೆ ಬಿದ್ದಿದ್ದ ಅದಿರಿನ ಪುಡಿಗೂ ಬೆಲೆ ಬಂತು. ಜೋಳ ಬಿತ್ತುತ್ತಿದ್ದವರು ಹೊಲವನ್ನೇ ಅಗೆಯಲು ಕೊಟ್ಟರು. ಆ ಹಣ ಸುಮ್ಮನೆ ಕೂರುತ್ತದೆಯೇ? ವಿಧಾನಸೌಧದವರೆಗೂ ನಡೆಯಿತು. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಕುರಿತ ಲೋಕಾಯುಕ್ತ ವರದಿ ಬಂದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು.

ಆಮೇಲಿನದನ್ನು ಹೇಳುವವರು ಕಡಿಮೆ. ಸಾಲ ಮಾಡಿ ಕೊಂಡ ಲಾರಿಗಳು ನಿಂತಲ್ಲೇ ನಿಂತವು. ನಮ್ಮ ಓಣಿಯ ಒಬ್ಬರ ಲಾರಿಯ ಗಾಲಿಗಳ ನಡುವೆ ಜಾಲಿ ಬೆಳೆದಿತ್ತು. ರಫ್ತಿಗೆ ಮತ್ತೆ ಅನುಮತಿ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಅವರು ಲಾರಿಯನ್ನು ಗುಜರಿಗೆ ಹಾಕಿ, ಹೊಸಪೇಟೆಯಲ್ಲಿ ಚಹಾ ಅಂಗಡಿ ಇಟ್ಟು ಬಹಳ ವರ್ಷಗಳಾಗಿದ್ದವು.