ಅವರಿಗೆ ಇದರಾಗ ಏನ್ ಸಿಗತೈತ್ರಿ?

ಪ್ರಶ್ನೆ: ಅಕ್ಕಾರೆ, ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೆ. 60 ತುಂಬಿ ರಿಟೈರ್ ಆದೆ. ಪಿಎಫ್, ಗ್ರಾಚ್ಯುಟಿ ಸೇರಿ 28 ಲಕ್ಷ ಬಂದಿದೆ. ಪಿಂಚಣಿ ತೀರಾ ಕಡಿಮೆ. ಊರಿನ ಪತ್ತಿನ ಸೊಸೈಟಿಯವರು 11ರ ಬಡ್ಡಿ ಕೊಡ್ತೀವಿ ಅಂತಾರೆ. ಅಳಿಯಂದಿರು ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದ್ದಾರೆ. ಅಲ್ಲಿ ಒಬ್ಬ 'ಸರ್' ದಿನಾ ರಾತ್ರಿ ಪುಕ್ಕಟೆ ಷೇರಿನ ಪಾಠ ಮಾಡುತ್ತಾರೆ. ಕಲಿಯುವ ಆಸೆ ಇದೆ. ನಂಬಬಹುದೇ?
- ಓದುಗರು, ಬೆಟಗೇರಿ

ಉತ್ತರ: ಧಾರವಾಡದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಗ, ಇಂಥ ಪ್ರಶ್ನೆ ತಂದವರಿಗೆ ನಾನು ತಿರುಗಿ ಕೇಳುತ್ತಿದ್ದುದು ಒಂದೇ: "ಹೇಳಿದವರಿಗೆ ಇದರಾಗ ಏನ್ ಸಿಗತೈತ್ರಿ?" ನಿಮ್ಮ 'ಸರ್' ದಿನಾ ರಾತ್ರಿ ಗಂಟಲು ಹರಿದುಕೊಳ್ಳುವುದು ಪುಕ್ಕಟೆ ಏಕೆ?

ಷೇರು ಎಂದರೇನು, ಡಿಮ್ಯಾಟ್ ಎಂದರೇನು ಅಂತ ತಿಳಿಸಿದರೆ ಅದು ಪಾಠ. ಇಂಥ ಷೇರು ಇಷ್ಟಕ್ಕೆ ತಗೊಳ್ಳಿ ಅಂದರೆ ಅದು ಸಲಹೆ. ಸಲಹೆ ಕೊಡಲು ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಯ ನೋಂದಣಿ ಬೇಕು. ಹೂಡಿಕೆ ಸಲಹೆಗಾರರ ನಂಬರ್ ಐಎನ್‌ಎ ಅಂತ ಶುರುವಾಗುತ್ತದೆ. ಕೇಳಿ ತಗೊಂಡು ಸೆಬಿಯ ವೆಬ್‌ಸೈಟಿನಲ್ಲಿ ನೀವೇ ಹುಡುಕಿ. ಅವರು ಕಳಿಸುವ ಸರ್ಟಿಫಿಕೇಟಿನ ಫೋಟೋ ಸಾಲದು. 2025ರ ಜನವರಿಯಲ್ಲಿ ಸೆಬಿ ಇನ್ನೊಂದು ಮಾತೂ ಹೇಳಿತು: ಬರೀ ಶಿಕ್ಷಣ ಕೊಡುವವರು ಹಿಂದಿನ ಮೂರು ತಿಂಗಳ ಷೇರು ಬೆಲೆ ಬಳಸಿ ಮಾತಾಡಬಾರದು. ನಿಮ್ಮ ಸರ್ ಇವತ್ತಿನ ಬೆಲೆ ತೋರಿಸುತ್ತಾರಾ? ಹಾಗಿದ್ದರೆ ಗುಂಪು ಬಿಡಿ. ಮುಂದೆ ಬರುವುದು ಸಾಮಾನ್ಯವಾಗಿ ಒಂದು ಆ್ಯಪ್‌ನ ಲಿಂಕ್. ಅದರಲ್ಲಿ ಲಾಭ ಏರುತ್ತಲೇ ಇರುತ್ತದೆ. ಹಣ ತೆಗೆಯಲು ಹೋದಾಗ ಮೊದಲು ಟ್ಯಾಕ್ಸ್ ಕಟ್ಟಿ ಅನ್ನುತ್ತಾರೆ. ಈಗಾಗಲೇ ದುಡ್ಡು ಹಾಕಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕಲಿಯುವ ಆಸೆ ಒಳ್ಳೆಯದೇ. ಸೆಬಿಯ ಹಣಕಾಸು ಶಿಕ್ಷಣದ ಪುಸ್ತಿಕೆ ಕನ್ನಡದಲ್ಲೂ ಇದೆ. ಓದಲು ಸ್ವಲ್ಪ ಒಣಒಣ, ಆದರೆ ಅದರಲ್ಲಿ ಯಾರೂ ನಿಮಗೆ ಏನನ್ನೂ ಮಾರುವುದಿಲ್ಲ.

ಸೊಸೈಟಿ ವಿಷಯ. ನಿಮ್ಮ ಗದಗ ಜಿಲ್ಲೆಯ ಕಣಗಿನಹಾಳದಲ್ಲೇ 1905ರಲ್ಲಿ ಸಹಕಾರ ಸಂಘ ಹುಟ್ಟಿತು. ಸಹಕಾರದ ಮೇಲೆ ನನಗೂ ಅಭಿಮಾನವಿದೆ. ಆದರೆ ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಪತ್ತಿನ ಸೊಸೈಟಿಗೆ ಇಲ್ಲ. ಸಹಕಾರಿ ಬ್ಯಾಂಕಿಗೆ ಇದೆ, ಸೊಸೈಟಿಗೆ ಇಲ್ಲ. ಬೋರ್ಡು ಸರಿಯಾಗಿ ಓದಿ. ಜೀವಮಾನದ ದುಡಿಮೆಯನ್ನು ಅಲ್ಲಿಡಬೇಡಿ.

ನಾನಾಗಿದ್ದರೆ 20 ಲಕ್ಷವನ್ನು ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕುತ್ತಿದ್ದೆ. ಮಿತಿ 30 ಲಕ್ಷ, ಅವಧಿ 5 ವರ್ಷ. ಶೇ 8.2ರ ದರದಲ್ಲಿ ಮೂರು ತಿಂಗಳಿಗೊಮ್ಮೆ 41,000 ರೂಪಾಯಿ ಬರುತ್ತದೆ. ಹೊಸ ಖಾತೆಗಳ ದರ ಬದಲಾಗಬಹುದು, ನೀವು ಇಟ್ಟ ದಿನದ ದರ 5 ವರ್ಷ ಹಾಗೇ ಇರುತ್ತದೆ. ನಡುವೆ ಮುರಿದರೆ ದಂಡ ಬೀಳುತ್ತದೆ. ಹಾಗಾಗಿ ಉಳಿದ 8 ಲಕ್ಷವನ್ನು ಎರಡು ಬ್ಯಾಂಕಿನಲ್ಲಿ ನಾಲ್ಕು ನಾಲ್ಕು ಲಕ್ಷ ಎಫ್‌ಡಿ ಮಾಡಿ. ಆಸ್ಪತ್ರೆ, ಮದುವೆ ಅಂತ ಬಂದಾಗ ಅದು ಕೈಗೆ ಸಿಗುತ್ತದೆ. ನಾಮಿನಿ ಹೆಸರು ಮರೀಬೇಡಿ.

ಅಳಿಯಂದಿರಿಗೆ ಏನು ಹೇಳೋದು ಅಂತೀರಾ? ದುಡ್ಡೆಲ್ಲ ಪೋಸ್ಟಾಫೀಸಿಗೆ ಕಟ್ಟಿಬಿಟ್ಟೆ ಅನ್ನಿ. ಮನಸ್ತಾಪವೂ ಇಲ್ಲ.