ಸಣ್ಣ ಟಾರ್ಚ್‌ಗೆ ಕೈದಾರ ಕಟ್ಟುವ ಬಗ್ಗೆ

ನಮಸ್ಕಾರ. ಟಾರ್ಚ್‌ನ ಹಿಂಬದಿಯ ತೂತು ತೀರಾ ಸಣ್ಣದು, ಕೈದಾರ ತೂರುತ್ತಿಲ್ಲ, ಕೀ ರಿಂಗ್ ಹಾಕಿದರೆ ಟಾರ್ಚ್ ನೆಟ್ಟಗೆ ನಿಲ್ಲುತ್ತಿಲ್ಲ ಅಂತ ಕೇಳಿದ್ದೀರಿ. ರಿಂಗ್ ಬೇಡವೇ ಬೇಡ. ಹಳೇ ಮೊಬೈಲ್‌ಗಳಿಗೆ ಹಾಕುತ್ತಿದ್ದ ಪಟ್ಟಿ ತನ್ನಿ, ತುದಿಯಲ್ಲಿ ತೆಳ್ಳಗಿನ ಕುಣಿಕೆ ಇರುತ್ತದಲ್ವಾ, ಅದು.

ಈಗ ಹೊಲಿಗೆ ನೂಲನ್ನು ಎರಡಾಗಿ ಮಡಚಿ, ಮಡಚಿದ ತುದಿಯನ್ನು ತೂತಿನಿಂದ ಆಚೆ ತೆಗೆಯಿರಿ. ಅದರೊಳಗೆ ಪಟ್ಟಿಯ ಕುಣಿಕೆಯನ್ನು ಸಿಕ್ಕಿಸಿ, ನೂಲಿನ ಎರಡೂ ತುದಿ ಹಿಡಿದು ವಾಪಸ್ ಎಳೆಯಿರಿ. ಕುಣಿಕೆ ತಾನಾಗೇ ಈಚೆ ಬರುತ್ತದೆ. ಇನ್ನು ಇಡೀ ಪಟ್ಟಿಯನ್ನು ಆ ಕುಣಿಕೆಯೊಳಗಿಂದ ಹಾಯಿಸಿ ಬಿಗಿಯಾಗಿ ಎಳೆದರೆ ಮುಗಿಯಿತು. ಗಂಟು ಹಾಕೋದೇ ಬೇಕಿಲ್ಲ.

ತೂತಿನ ಅಂಚನ್ನು ಮಾತ್ರ ಮೊದಲೇ ಉಗುರಿನಿಂದ ಸವರಿ ನೋಡಿ. ತರಚುವ ಹಾಗಿದ್ದರೆ ದಾರವನ್ನು ಎಳೆ ಎಳೆಯಾಗಿ ಕೊಯ್ದುಬಿಡುತ್ತದೆ. ಜಾಸ್ತಿ ದಾರ ಹರಿಯುವುದು ಇಲ್ಲೇ. ಸಣ್ಣ ಸ್ಯಾಂಡ್ ಪೇಪರ್ ಚೂರನ್ನು ಸುರುಳಿ ಸುತ್ತಿ ಎರಡೂ ಕಡೆ ಉಜ್ಜಿ ನಯ ಮಾಡಿ.

ರಾತ್ರಿ ತೋಟಕ್ಕೆ ಒಯ್ಯುತ್ತೇನೆ ಅಂದಿದ್ದೀರಿ. ದಯವಿಟ್ಟು ತಿರುಗುತ್ತಿರುವ ಪಂಪ್ ಬೆಲ್ಟ್ ಹತ್ತಿರ ಬಗ್ಗುವ ಮುಂಚೆ ದಾರವನ್ನು ಕೈಯಿಂದ ತೆಗೆದುಬಿಡಿ. ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ.